ಹೋರಿಯನ್ನು ಕೇಳುವುದು

ಮೊನ್ನೆ ರಾಣೇಬೆನ್ನೂರಿನ ದವಾಖಾನೆಯೊಂದರಲ್ಲಿ ಮೊಣಕಾಲಿಗೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದೆ. ಐವತ್ತು ದಾಟಿದ ಹೆಂಗಸಿನ ಮೊಣಕಾಲು ಎಂಥದೆಂದು ನಿಮಗೂ ಗೊತ್ತಿರಬಹುದು, ಮೆಟ್ಟಿಲು ಕಂಡರೆ ಸಾಕು, ಮುನಿಸಿಕೊಳ್ಳುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯನ್ನು ಒತ್ತಿ ಹಿಡಿದ ಕಂಪೌಂಡರ್ ನಗುತ್ತ, "ಆತ್ರಿ ಅಕ್ಕಾರ, ಇನ್ನ ಎದ್ದು ಓಡ್ರಿ, ಹಬ್ಬದ ಹೋರಿ ಓಡಿದಂಗ" ಅಂದ. ಪಾಪ, ನನ್ನ ಮುಖ ನೋಡಿ ನಗಿಸಲಿಕ್ಕೆ ಅಂದದ್ದು. ನಾನು ನಕ್ಕೆ ಕೂಡ. ಆದರೆ ಆ ವಾಸನೆ ಮೂಗಿಗೆ ಹತ್ತಿದಾಗಲೇ ಆ ಮಾತೂ ಕಿವಿಗೆ ಬಿದ್ದು, ಮನೆ ಮುಟ್ಟುವವರೆಗೆ ಆಟೋದಲ್ಲಿ ನಾನು ತುಟಿ ಬಿಚ್ಚಲಿಲ್ಲ. ನಾನು ಮಾತಾಡದೆ ಕೂತರೆ ನಮ್ಮ ಮನೆಯವರು ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ. ಅವತ್ತೂ ನೋಡಿದರು.

ನನ್ನ ತವರು ಮೋಟೆಬೆನ್ನೂರಿನಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದನಗಳಿಗೂ ಮನುಷ್ಯರಿಗೂ ಒಂದೇ ಬಾಗಿಲು. ಹೊಸ್ತಿಲು ದಾಟಿದರೆ ಮೊದಲು ದಂದಕ್ಕಿ, ಅಂದರೆ ದನ ಕಟ್ಟುವ ತಗ್ಗು ಜಾಗ. ಅದರ ಆಚೆ ಮೆಟ್ಟಿಲು ಹತ್ತಿದರೆ ಪಡಸಾಲೆ. ಹೀಗಾಗಿ ನಾವು ಉಣ್ಣುವುದನ್ನು ಎತ್ತುಗಳು ನೋಡುತ್ತಿದ್ದವು, ಅವು ಮೆಲುಕು ಹಾಕುವುದನ್ನು ನಾವು ನೋಡುತ್ತಿದ್ದೆವು. ಲಗ್ನವಾಗಿ ರಾಣೇಬೆನ್ನೂರಿನ ಬೀಜದ ಅಂಗಡಿಯವರ ಮನೆಗೆ ಬಂದ ಮೇಲೆ ಕೊರಳಗಂಟೆಯ ಸಪ್ಪಳವಿಲ್ಲದೆ ನನಗೆ ಎಷ್ಟೋ ದಿನ ನಿದ್ದೆ ಹತ್ತಲಿಲ್ಲ. ಇದನ್ನು ಅತ್ತೆಯ ಮುಂದೆ ಬಾಯಿಬಿಟ್ಟು ಹೇಳಿ ನಗೆಪಾಟಲಾಗಿದ್ದೆ. ಬಹಳ ವರ್ಷ ಆ ಮನೆಯಲ್ಲಿ ನನ್ನನ್ನು ಕರೆಯುವಾಗ ಮೈದುನಂದಿರು ಚಮಚದಿಂದ ತಾಟು ಬಾರಿಸುತ್ತಿದ್ದರು.

ಅಪ್ಪ ನಾನು ಸಣ್ಣವಳಿದ್ದಾಗಲೇ ಹೋಗಿಬಿಟ್ಟ. ನನ್ನನ್ನೂ ನನ್ನ ತಂಗಿಯನ್ನೂ ಬೆಳೆಸಿದ್ದು ದೊಡ್ಡಪ್ಪ. ದೊಡ್ಡಪ್ಪನೆಂದರೆ ಗಿಡ್ಡ ಆಳು, ದಪ್ಪ ಮೀಸೆ, ಸಣ್ಣ ದನಿ. ಮೀಸೆ ನೋಡಿ ಹೆದರಿದವರು ದನಿ ಕೇಳಿ ಸಮಾಧಾನ ಆಗುತ್ತಿದ್ದರು. ಅವನಿಗೆ ಎಲೆ ಅಡಿಕೆ ಬಿಟ್ಟರೆ ಒಂದೇ ಚಟ, ಹೋರಿ ಕಟ್ಟುವುದು. ಹೊಲದ ಎತ್ತುಗಳು ಬೇರೆ, ಇದು ಬೇರೆ. ಇದನ್ನು ನೇಗಿಲಿಗೆ ಹೂಡುವುದಿಲ್ಲ, ಗಾಡಿಗೆ ಕಟ್ಟುವುದಿಲ್ಲ. ವರ್ಷವಿಡೀ ಹುರುಳಿ, ಹತ್ತಿಕಾಳು, ಹಿಂಡಿ ತಿನ್ನಿಸಿ ಮೈ ತಿಕ್ಕಿ ಬೆಳೆಸುವುದು, ದೀಪಾವಳಿ ಪಾಡ್ಯಕ್ಕೆ ಅಖಾಡಕ್ಕೆ ಬಿಡುವುದು.

ನಮ್ಮ ಹಾವೇರಿ ಸೀಮೆಯ ಹೋರಿ ಬೆದರಿಸುವ ಹಬ್ಬವನ್ನು ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಹೋರಿಯ ಕೊಂಬಿಗೆ ಬಣ್ಣ, ರಿಬ್ಬನ್ನು, ಬಲೂನು. ಮೈಮೇಲೆ ಕಸೂತಿ ಬಟ್ಟೆಯ ಜೂಲ. ಕೊರಳ ತುಂಬ ಒಣಕೊಬ್ಬರಿಯ ಸರ. ಎರಡೂ ಬದಿಗೆ ನಿಂತ ಜನರ ನಡುವೆ ಅದನ್ನು ಬೆದರಿಸಿ ಓಡಿಸುತ್ತಾರೆ. ಹರೆಯದ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಹರಿದರೆ ಹುಡುಗ ಗೆದ್ದ, ಹರಿಯಗೊಡದೆ ಪಾರಾದರೆ ಹೋರಿ ಗೆದ್ದಿತು. ಮೈಕಿನಲ್ಲಿ ಅದರ ಹೆಸರು ಕೂಗುತ್ತಾರೆ. ಹೆಸರುಗಳಾದರೂ ಎಂಥವು, ಸಿಡಿಲು, ಸುಂಟರಗಾಳಿ, ಸರದಾರ ಎಂದು. ಮನೆಯಲ್ಲಿ ಅದೇ ಸರದಾರನಿಗೆ ಹೆಂಗಸರು 'ಬಾರೋ ಬಂಗಾರಾ' ಅನ್ನುತ್ತ ಅಂಟಿನ ಉಂಡೆ ತಿನ್ನಿಸುತ್ತಿರುತ್ತಾರೆ.

ಈ ಹಬ್ಬದಲ್ಲಿ ನಮ್ಮ ಮನೆಗೆ ಮಾತ್ರ ಒಂದು ಪದ್ಧತಿ ಇತ್ತು. ದೊಡ್ಡಪ್ಪನ ಅಪ್ಪ ಹಾಕಿಕೊಟ್ಟದ್ದಂತೆ. ಪಾಡ್ಯದ ಮುಂಜಾನೆ ಆರತಿ ಆದ ಮೇಲೆ ದಂದಕ್ಕಿಯಲ್ಲಿ ಹೋರಿಯ ಹಗ್ಗ ಬಿಚ್ಚಿ, ತಲೆಬಾಗಿಲು ಪೂರ್ತಿ ತೆರೆದು, ಎಲ್ಲರೂ ಗೋಡೆಗೆ ಸರಿದು ನಿಲ್ಲಬೇಕು. ಬಾ ಅನ್ನುವಂತಿಲ್ಲ, ಹೋಗು ಅನ್ನುವಂತಿಲ್ಲ, ಕೆಮ್ಮುವಂತೆಯೂ ಇಲ್ಲ. ಹೋರಿ ತಾನಾಗಿ ಹೊಸ್ತಿಲು ದಾಟಿ ಅಂಗಳಕ್ಕೆ ಬಂದರೆ ಅದು ಹ್ಞೂಂ ಅಂದ ಹಾಗೆ. ಗ್ವಾದಲಿಯ ಕಡೆ, ಅಂದರೆ ಮೇವು ಹಾಕುವ ತೊಟ್ಟಿಯ ಕಡೆ, ತಿರುಗಿದರೆ ಒಲ್ಲೆ ಅಂದ ಹಾಗೆ. ಒಲ್ಲೆ ಅಂದ ವರ್ಷ ಓಡಿಸುವುದಿಲ್ಲ. ಇದಕ್ಕೆ ನಮ್ಮ ಮನೆಯಲ್ಲಿ 'ಕೇಳೂದು' ಅನ್ನುತ್ತಿದ್ದರು. ಊರವರಿಗೆ ಇದೊಂದು ದೊಡ್ಡ ತಮಾಷೆ. ಹಬ್ಬ ಹತ್ತಿರ ಬಂದರೆ ಚಹದ ಅಂಗಡಿಯಲ್ಲಿ, "ಏನ್ರಿ ಯಜಮಾನ್ರ, ಹೋರಿ ಏನಂತೈತ್ರಿ? ಈ ಸಲ ಪುರಸೊತ್ತ ಐತಂತೇನು?" ಅನ್ನುತ್ತಿದ್ದರು. ದೊಡ್ಡಪ್ಪ ಸಿಟ್ಟಾಗುತ್ತಿರಲಿಲ್ಲ. "ನಿಮ್ಮನ್ನ ಯಾರೂ ಕೇಳಂಗಿಲ್ಲ ಅಂತ ನಿಮಗ ಹೊಟ್ಟಿಕಿಚ್ಚು" ಅನ್ನುತ್ತಿದ್ದ.

ದೊಡ್ಡಪ್ಪನ ಮಗ ಚನ್ನಬಸಣ್ಣನಿಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ನಾನು ಹೇಳುವುದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮೊಬೈಲ್ ಫೋನು ಆಗಷ್ಟೇ ಹಳ್ಳಿಯ ಹುಡುಗರ ಸೊಂಟಕ್ಕೆ ಬಂದಿತ್ತು. ಹೋರಿಗಳ ಫೋಟೋ ಹಾಕಿದ ಬ್ಯಾನರುಗಳು ಮೋಟೆಬೆನ್ನೂರಿನ ಕ್ರಾಸಿನಲ್ಲಿ ಏಳತೊಡಗಿದ್ದವು. ಒಂದು ವರ್ಷ ಅಣ್ಣ ನಮ್ಮ ಕರಿಯ ಹೋರಿಯ ಬ್ಯಾನರು ಕಟ್ಟಿಸಿ, ಬ್ಯಾಡಗಿಯಿಂದ ಗೆಳೆಯರನ್ನೆಲ್ಲ ಕರೆಸಿದ್ದ. ಹಬ್ಬದ ಮುಂಜಾನೆ ಬಾಗಿಲು ತೆರೆದರೆ ಕರಿಯ ಹೊರಗೊಮ್ಮೆ ನೋಡಿ, ತಿರುಗಿ, ಗ್ವಾದಲಿಯಲ್ಲಿ ಮುಖ ಹಾಕಿ ನಿಂತಿತು. ಹಲಗೆ ಬಾರಿಸುವವರು ಅಂಗಳದಲ್ಲೇ ಕಾದು ಕಾದು ಮುಂದಿನ ಮನೆಗೆ ಹೋದರು. ಅಣ್ಣ ಆ ಹಬ್ಬ ಮುಗಿಯುವವರೆಗೆ ಓಣಿಗೆ ಮುಖ ತೋರಿಸಲಿಲ್ಲ.

ಮುಂದಿನ ವರ್ಷಕ್ಕೆ ಇದ್ದದ್ದು ಹೊಸ ಹೋರಿ. ಬಿಳಿ ಮೈ, ಎರಡೇ ಹಲ್ಲು ಬಂದಿದ್ದ ಎಳೆ ಪ್ರಾಣಿ. ದೊಡ್ಡವ್ವ ಅದನ್ನು 'ಕೂಸು' ಅನ್ನುತ್ತಿದ್ದಳು. ಅಣ್ಣ ಅದಕ್ಕೆ ಬಾಣ ಎಂದು ಹೆಸರಿಟ್ಟಿದ್ದ. ಹಬ್ಬಕ್ಕೆ ಸ್ವಲ್ಪ ಮುಂಚೆ, ಹರಗಿದ ಹೊಲದಲ್ಲಿ ಓಟದ ರೂಢಿ ಮಾಡಿಸುವಾಗ ಮುಂಗಾಲಿಗೆ ಏನೋ ಆಯಿತು. ಗೊರಸಿನ ಮೇಲಿನ ಗಂಟು ಬಾತಿತು. ದನದ ಡಾಕ್ಟರು ಬಂದು ನೋವಿಗೆ ಇಂಜೆಕ್ಷನ್ ಕೊಟ್ಟು, ಇನ್ನೂ ಕೆಲ ದಿನ ಹಾಕಲು ಸೂಜಿ, ಔಷಧ ಬಿಟ್ಟು, ಓಡಿಸಬೇಡಿ ಎಂದು ಹೇಳಿ ಹೋದರು. ಬಾವು ಇಳಿಯಿತು.

ಅದೇ ಹೊತ್ತಿನಲ್ಲಿ ಊರಲ್ಲಿ ಇನ್ನೊಂದು ಜಗಳ ಎದ್ದಿತ್ತು. ಹಬ್ಬದ ದಿನ ಹೋರಿಗಳಿಗೆ ಸೆರೆ ಕುಡಿಸುತ್ತಾರೆ, ಸೂಜಿ ಹಾಕುತ್ತಾರೆ ಎಂಬ ಸುದ್ದಿ ಮೊದಲೂ ಇತ್ತು. ಆ ವರ್ಷ ಹಬ್ಬದ ಸಮಿತಿಯವರು ಗುಡಿಯ ಕಟ್ಟೆಯ ಮೇಲೆ ಸಭೆ ಕರೆದು, ಔಷಧ ಕೊಟ್ಟ ಹೋರಿಯನ್ನು ಬಿಡಬೇಕೋ ಬಾರದೋ ಎಂದು ಮಾತಿಗಿಟ್ಟರು. ನಾನು ಹಬ್ಬಕ್ಕೆಂದು ಮೊದಲೇ ತವರಿಗೆ ಬಂದಿದ್ದೆ, ಎದುರಿನ ಮನೆಯ ಮಾಳಿಗೆಯ ಮೇಲೆ ಕೂತು ಎಲ್ಲವನ್ನೂ ಕೇಳಿದೆ. ಸೆರೆ ಬೇಡ ಎನ್ನುವುದಕ್ಕೆ ಯಾರದೂ ತಕರಾರಿರಲಿಲ್ಲ, ಹೋರಿಯ ಬಾಯಿ ಮೂಸಿದರೆ ತಿಳಿಯುತ್ತದೆ ಅಂದರು. ಮೂಸುವವನೇ ಕುಡಿದಿದ್ದರೆ ಹೇಗೆ ಎಂದು ಯಾರೋ ಕೇಳಿ ಎಲ್ಲರೂ ನಕ್ಕರು. ಗಂಟು ಬಿದ್ದದ್ದು ನೋವಿನ ಇಂಜೆಕ್ಷನ್ನಿನ ವಿಷಯಕ್ಕೆ.

"ನೋವು ಕಡಿಮಿ ಮಾಡೂದು ತಪ್ಪೇನ್ರಿ?" ಎಂದು ಒಬ್ಬ ಎದ್ದ. "ಖಾರ ಹಚ್ಚಿ ಓಡಿಸೋರನ್ನ ಬೈರಿ. ನಾವು ಪ್ರಾಣಿಗೆ ಸುಖ ಮಾಡಾಕತ್ತೇವಿ."

ದೊಡ್ಡಪ್ಪ ಕೂತಲ್ಲಿಂದಲೇ ಅಂದ: "ಹಬ್ಬದ ದಿವಸ ಔಷಧ ಬ್ಯಾಡ. ಔಷಧ ಬೇಕಾಗಿದ್ದ ಹೋರಿ ಮನ್ಯಾಗ ಇರಲಿ. ಎಳೇ ಹೋರಿ ಎಲುಬು ಇನ್ನೂ ಗಟ್ಟಿ ಆಗಿರೂದಿಲ್ಲ. ನೋವು ಅದಕ್ಕ ನಿಲ್ಲು ಅಂತ ಹೇಳತೈತಿ. ಅದನ್ನ ನೀವು ಬಂದ್ ಮಾಡಿದ್ರ ಅದು ಎಲ್ಲಿ ನಿಲ್ಲಬೇಕು?"

"ನಿಮ್ಮದೇನ್ರಿ ಯಜಮಾನ್ರ, ನೀವು ಹೋರೀನ ಕೇಳತೀರಿ. ನಮ್ಮ ಹೋರಿಗೋಳು ಅಷ್ಟ ಸಾಲಿ ಕಲತಿಲ್ರಿ" ಎಂದು ಅವನು ಅಂದ. ಕಟ್ಟೆಯೆಲ್ಲ ನಗೆ. ಅಣ್ಣ ದೊಡ್ಡಪ್ಪನ ಪಕ್ಕದಲ್ಲೇ ಕೂತು ಮೊಬೈಲಿನ ಗುಂಡಿ ಒತ್ತುತ್ತಿದ್ದ. ಕೊನೆಗೆ ಸಮಿತಿಯವರು ಅವರವರ ಮನಸ್ಸಿಗೆ ಬಿಟ್ಟದ್ದು ಎಂದು ತೀರ್ಮಾನಿಸಿ ಚಹ ತರಿಸಿದರು.

ಮನೆಗೆ ಬಂದ ಮೇಲೆ ಅಪ್ಪ ಮಕ್ಕಳ ನಡುವೆ ಅದೇ ಮಾತು ಮುಂದುವರಿಯಿತು. ಬಾವು ಇಳಿದಿದೆ, ಓಡಿಸೋಣ ಎಂದು ಅಣ್ಣ. ಡಾಕ್ಟರು ಬೇಡ ಅಂದಿದ್ದಾರೆ ಎಂದು ದೊಡ್ಡವ್ವ. ದೊಡ್ಡಪ್ಪ ಇಬ್ಬರನ್ನೂ ಕೈಸನ್ನೆಯಿಂದ ತಡೆದು, "ನೀವ್ಯಾಕ ಹೇಳತೀರಿ, ನಾನ್ಯಾಕ ಹೇಳ್ಲಿ? ಪಾಡ್ಯದ ದಿನ ಅದನ್ನ ಕೇಳೂಣು. ಕಾಲು ನೋಯತಿದ್ರ ಅದು ಹೊಸ್ತಿಲ ದಾಟೂದಿಲ್ಲ" ಅಂದ. ಅಲ್ಲಿಗೆ ಮಾತು ಮುಗಿಯಿತು. ಅವನಿಗೆ ಆ ಪದ್ಧತಿಯ ಮೇಲೆ ಅಷ್ಟು ನಂಬಿಕೆ.

ಪಾಡ್ಯದ ಮುಂಜಾನೆ ಬಾಗಿಲ ಎರಡೂ ಬದಿಗೆ ಹಟ್ಟೆವ್ವ ಎನ್ನುವ ಸಗಣಿಯ ಪುಟ್ಟ ಗೊಂಬೆಗಳನ್ನು ಇಟ್ಟು, ಚೆಂಡುಹೂ ಸಿಕ್ಕಿಸಿ, ಹೋರಿಗೆ ಆರತಿ ಮಾಡಿದೆವು. ಹಗ್ಗ ಬಿಚ್ಚಿದರು. ಬಾಗಿಲು ತೆರೆದರು. ನಾವೆಲ್ಲ ಗೋಡೆಗೆ ಆತು ಉಸಿರು ಹಿಡಿದು ನಿಂತೆವು. ಕೂಸು ಒಮ್ಮೆ ತಲೆ ಕೊಡವಿ, ಎಲ್ಲೂ ತಡೆಯದೆ, ಹೊಸ್ತಿಲನ್ನು ಹಾರಿಯೇ ಅಂಗಳಕ್ಕೆ ಇಳಿಯಿತು. ಕಾಲು ಎತ್ತಿಡುವುದರಲ್ಲಿ ಒಂದಿಷ್ಟೂ ಕುಂಟಿರಲಿಲ್ಲ. "ಹ್ಞೂಂ ಅಂದ್ನೋ! ನನ್ನ ಮಗ ಹ್ಞೂಂ ಅಂದ್ನೋ!" ಎಂದು ದೊಡ್ಡಪ್ಪ ಸಣ್ಣ ಹುಡುಗನ ಹಾಗೆ ಕುಣಿದ. ಅವನ ಕಣ್ಣಲ್ಲಿ ನೀರು ಬಂದಿತ್ತು.

ಅಖಾಡದಲ್ಲಿ ಅದು ಓಡಿದ್ದನ್ನು ನಾನು ಮಾಳಿಗೆಯ ಮೇಲಿಂದ ನೋಡಿದೆ. ಓಡಿತು ಎನ್ನುವುದಕ್ಕಿಂತ ಕಣ್ಣೆದುರಿನಿಂದ ಹೋಯಿತು ಅನ್ನಬೇಕು. ಒಂದು ಕೊಬ್ಬರಿ ಬಟ್ಟಲೂ ಯಾರ ಕೈಗೂ ಸಿಗಲಿಲ್ಲ. ಮೈಕಿನವನ ದನಿ ಒಡೆದುಹೋಯಿತು. ಅಣ್ಣನನ್ನು ಗೆಳೆಯರು ಹೆಗಲ ಮೇಲೆ ಹೊತ್ತರು. ಹಿಂದಿನ ವರ್ಷ ನಕ್ಕವರೆಲ್ಲ ಬಂದು ದೊಡ್ಡಪ್ಪನ ಕೈ ಹಿಡಿದು, ನಾವೂ ಮುಂದಿನ ಸಲ ಕೇಳಿಯೇ ಬಿಡುತ್ತೇವೆ ಅಂದರು.

ಸಂಜೆ ಮೇವು ಹಾಕಲು ಹೋದ ದೊಡ್ಡವ್ವ ಕೂಗಿಕೊಂಡಳು. ಕೂಸು ಮಲಗಿತ್ತು. ಎಬ್ಬಿಸಿದರೆ ಏಳಲಿಲ್ಲ. ಮುಂಗಾಲು ಮೊಣಕಾಲಿನವರೆಗೂ ಬಾತುಹೋಗಿತ್ತು. ಡಾಕ್ಟರು ಬಂದು ಕೈಯಾಡಿಸಿ ನೋಡಿ, ಎಲುಬಿನಲ್ಲಿ ಮೊದಲೇ ಸಣ್ಣ ಬಿರುಕು ಇದ್ದಿರಬೇಕು, ಈಗ ಮುರಿದಿದೆ ಅಂದರು. "ನೋವು ಇದ್ದಿದ್ರ ಹಿಂಗ ಓಡತಿದ್ದಿಲ್ಲ. ಏನರ ಕೊಟ್ಟಿದ್ರೇನು?" ಎಂದು ಕೇಳಿದರು. "ಏನೂ ಕೊಟ್ಟಿಲ್ರಿ ಸಾಹೇಬ್ರ. ಕೇಳೇ ಬಿಟ್ಟೇವಿ" ಎಂದ ದೊಡ್ಡಪ್ಪ. ಡಾಕ್ಟರಿಗೆ ತಿಳಿಯಲಿಲ್ಲ. ಅಣ್ಣ ಗೋಡೆ ನೋಡುತ್ತ ನಿಂತಿದ್ದ.

ನಿಲ್ಲಲಾರದ ದನ ಬದುಕುವುದಿಲ್ಲ. ಪಟ್ಟಿ ಕಟ್ಟಿದರು, ಮೈ ಹೊರಳಿಸಿ ಹೊರಳಿಸಿ ಹಾಕಿದರು, ದೊಡ್ಡವ್ವ ಬೊಗಸೆಯಲ್ಲಿ ಗಂಜಿ ಕುಡಿಸಿದಳು. ದೊಡ್ಡಪ್ಪ ಅದರ ತಲೆಯ ಹತ್ತಿರ ಕೂತು ಒಂದೇ ಮಾತನ್ನು ಹೇಳುತ್ತಿದ್ದ. "ಯಾಕೋ ಕೂಸ? ಬ್ಯಾಡಾಗಿದ್ರ ಬ್ಯಾಡ ಅನ್ನಬೇಕಿಲ್ಲೋ? ನಾ ಏನ ಒತ್ತಾಯ ಮಾಡಿದ್ನೇನು? ಬಾಗಲ ತಗದ ಕೇಳಿದ್ನಿಲ್ಲೋ ನಿನ್ನ?" ಪಡಸಾಲೆಯಲ್ಲಿ ಕೂತ ನಮಗೆ ಅದನ್ನು ಕೇಳುವುದು ಹೋರಿಯ ನರಳಾಟ ಕೇಳುವುದಕ್ಕಿಂತ ಕಷ್ಟವಾಗಿತ್ತು. ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತು ಬರುತ್ತಿದ್ದೆ.

ಅದು ಸತ್ತ ದಿನ ಹೊಲದಲ್ಲಿ ಗುಂಡಿ ತೋಡಿ, ಉಪ್ಪು ಹಾಕಿ ಮಣ್ಣು ಮಾಡಿ ಬಂದರು. ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತ ದೊಡ್ಡಪ್ಪ ಮತ್ತೆ, "ಸುಳ್ಳ ಹೇಳಿತು ನೋಡು. ನಮ್ಮ ದಂದಕ್ಕ್ಯಾಗ ಹುಟ್ಟಿದ್ದು ನನಗ ಸುಳ್ಳ ಹೇಳಿತು" ಅಂದ. ಅಣ್ಣನಿಗೆ ತಡೆಯಲಾಗಲಿಲ್ಲ.

"ಅಪ್ಪಾ, ಸತ್ತಿದ್ದನ್ನ ಬೈಬ್ಯಾಡ. ಅದು ಹ್ಞೂಂ ಅಂದಿದ್ದಿಲ್ಲ. ಮುಂಜಾನೆ ನೀ ಜಳಕಕ್ಕ ಹೋದಾಗ ನಾ ಸೂಜಿ ಹಾಕಿದ್ದೆ. ಡಾಕ್ಟರ್ ಬಿಟ್ಟಿದ್ದ ಔಷಧದಾಗ ಉಳದಿತ್ತು."

ದೊಡ್ಡಪ್ಪ ಹೊಡೆಯುತ್ತಾನೆ ಎಂದುಕೊಂಡೆವು. ಹೊಡೆಯಲಿಲ್ಲ. ಅಣ್ಣನೇ ಸುಮ್ಮನಿರಲಾರದೆ, "ನೋವ ಹೋಗಲಿ ಅಂತ ಮಾಡಿದ್ದು ಪಾಪೇನು? ಹಲ್ಲಬ್ಯಾನಿ ಬಂದಾಗ ನೀ ಗುಳಿಗಿ ನುಂಗಿ ಬ್ಯಾಡಗಿ ಪ್ಯಾಟಿಗೆ ಹೋಗಲಿಲ್ಲೇನು?" ಅಂದ.

"ನುಂಗಿದಾಂವ ನಾನು. ನುಂಗತೇನಿ ಅಂದಾಂವನೂ ನಾನು" ಎಂದ ದೊಡ್ಡಪ್ಪ. "ಅದಕ್ಕ ಕೇಳಿದ್ದು ಒಂದ ಮಾತು. ಅದನ್ನೂ ಅದರ ಬಾಯಿಂದ ಕಸಗೊಂಡೆಲ್ಲೋ."

ಇಷ್ಟು ಹೊತ್ತು ಹಿಟ್ಟು ಜರಡಿ ಹಿಡಿಯುತ್ತ ಕೂತಿದ್ದ ದೊಡ್ಡವ್ವ ಜರಡಿಯನ್ನು ಕೆಳಗಿಟ್ಟಳು. ಅವಳು ಜಾಸ್ತಿ ಮಾತಿನ ಹೆಂಗಸಲ್ಲ. "ಸಾಕ ಮಾಡ್ರಿ ಇಬ್ರೂ" ಅಂದಳು. "ಅಂವ ಸೂಜಿ ಹಾಕಿ ಹ್ಞೂಂ ಅನಿಸಿದ. ನೀವು ಇಷ್ಟ ವರ್ಷ ಹೆಂಗ ಅನಿಸಿದ್ರಿ? ಓಡೂ ಹೋರಿ ಹೊಟ್ಟಿ ಹಗುರ ಇರಲಿ ಅಂತ ಹಿಂದಿನ ದಿನದಿಂದ ಗ್ವಾದಲಿ ಬಳದ ಇಡತೀರಿ. ಒಳಗ ಒಂದ ಕಡ್ಡಿ ಮೇವ ಇಲ್ಲ, ಹೊರಗ ಬೆಳಕ ಐತಿ, ಬಾಗಲ ತಗದೈತಿ. ಹಸದ ದನ ಹೊರಗ ಹೋಗದ ಎಲ್ಲಿ ಹೋದೀತು?"

"ಹೋದ ವರ್ಷ ಕರಿಯ ತಿರಗಿ ಹೋತಲ್ಲ" ಎಂದ ದೊಡ್ಡಪ್ಪ. ಅವನ ದನಿ ಇನ್ನೂ ಸಣ್ಣದಾಗಿತ್ತು.

"ಅವತ್ತ ಗ್ವಾದಲ್ಯಾಗ ಒಂದ ಹಿಡಿ ಹುಲ್ಲ ಹಾಕಿದಾಕಿ ನಾನು. ಹಸದ ಒದರಾಕತ್ತಿತ್ತು, ನನಗ ನೋಡಾಕ ಆಗಲಿಲ್ಲ."

ದೊಡ್ಡಪ್ಪ ಕೆಳಗೆ ದಂದಕ್ಕಿಯನ್ನು ನೋಡುತ್ತ ಕೂತ. ಆ ಗ್ವಾದಲಿಯನ್ನು ಪ್ರತಿ ಹಬ್ಬಕ್ಕೂ ತಾನೇ ಕೈಯಾರೆ ಬಳಿದು ಬರಿದು ಮಾಡಿದ್ದ. ಅದೇ ಕೈಯಿಂದ ಬಾಗಿಲು ತೆರೆದು, ಕೇಳಿದೆ ಎಂದುಕೊಂಡಿದ್ದ. ಬಾಗಿಲನ್ನೇ ನೋಡುತ್ತಿದ್ದ ನಮಗಾರಿಗೂ ಗ್ವಾದಲಿಯ ಒಳಗೆ ಇಣುಕಬೇಕು ಅನಿಸಿರಲಿಲ್ಲ. ಅವತ್ತು ರೊಟ್ಟಿ ಬಡಿದರೂ ಯಾರೂ ಉಣ್ಣಲಿಲ್ಲ.

ಮರುದಿನ ನಾನು ರಾಣೇಬೆನ್ನೂರಿಗೆ ಹೊರಟೆ. ರೊಟ್ಟಿ, ಗುರೆಳ್ಳು ಚಟ್ನಿಯ ಗಂಟು ಹಿಡಿದುಕೊಂಡು ದೊಡ್ಡಪ್ಪ ಮೋಟೆಬೆನ್ನೂರಿನವರೆಗೆ ಕಳಿಸಲು ಬಂದ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ಬಸ್ಸು ಎಲ್ಲಿ ನಿಲ್ಲುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಧೂಳಿನಲ್ಲಿ ನಿಂತಿದ್ದೆವು. ಅವನು ನನ್ನ ಕಡೆ ನೋಡದೆ ಕೇಳಿದ.

"ಯವ್ವಾ, ಬೀಗರು ಬಂದಾಗ ನಿನ್ನನ್ನೂ ನಾನ ಕೇಳಿದ್ದೆಲ್ಲ?"

ಕೇಳಿದ್ದ. ವರನ ಕಡೆಯವರನ್ನು ಪಡಸಾಲೆಯಲ್ಲಿ ಕೂಡಿಸಿ, ತಾನೊಬ್ಬನೇ ಅಡಿಗೆಮನೆಗೆ ಬಂದು, ಬಾಗಿಲು ಮುಂದೆ ಮಾಡಿ ಕೇಳಿದ್ದ. ನಿನ್ನ ಮನಸ್ಸಿನಲ್ಲಿ ಏನಿದೆ ಹೇಳು, ಬೇಡ ಅಂದರೆ ಈಗಲೇ ಎಲೆ ಅಡಿಕೆ ಕೊಟ್ಟು ಕಳಿಸುತ್ತೇನೆ ಅಂದಿದ್ದ. ನಮ್ಮ ಕಡೆ ಆ ಕಾಲದಲ್ಲಿ ಹುಡುಗಿಯನ್ನು ಹಾಗೆ ಕೇಳುವ ಹಿರಿಯರು ಬಹಳ ಇರಲಿಲ್ಲ. ಗೆಳತಿಯರ ಮುಂದೆ ಎಷ್ಟೋ ಸಲ ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಆದರೆ ಆ ವರ್ಷ ಹಾವೇರಿಯ ಕಾಲೇಜಿಗೆ ನನ್ನನ್ನು ಕಳಿಸುವುದು ನಿಂತಿತ್ತು. ನನ್ನ ಪುಸ್ತಕಗಳು ಬೇರೆಯವರ ಮನೆ ಸೇರಿದ್ದವು. ನನ್ನದು ಆಗದೆ ತಂಗಿಯದು ಆಗದು ಎಂದು ದಿನಕ್ಕೊಬ್ಬರು ಬಂದು ಹೇಳುತ್ತಿದ್ದರು. ನಾನು ಹ್ಞೂಂ ಅಂದೆ. ತಡಮಾಡದೆ, ಬಹಳ ಲಗೂ ಅಂದೆ.

"ಅವತ್ತ ನಿನ್ನ ಮುಂದ ಬ್ಯಾರೇ ಏನರ ಇತ್ತೇನವ್ವಾ?" ಎಂದ ದೊಡ್ಡಪ್ಪ.

"ಇತ್ತು ದೊಡ್ಡಪ್ಪಾ" ಅಂದೆ. ಧೂಳಲ್ಲಿ ನಿಂತ ಆ ಮುಖಕ್ಕೆ ಬೇರೆ ಏನು ಹೇಳುವುದು ನೀವೇ ಹೇಳಿ. ಅವನು ತಲೆ ಆಡಿಸಿದ. ನಂಬಲಿಲ್ಲ. ಬಸ್ಸು ಬಂತು, ಗಂಟನ್ನು ಕಿಟಕಿಯಿಂದ ಒಳಗೆ ಕೊಟ್ಟ.

ಆಮೇಲೆ ಅವನು ಹೋರಿ ಕಟ್ಟಲಿಲ್ಲ. ಅಣ್ಣನೂ ಕಟ್ಟಲಿಲ್ಲ. ಅಪ್ಪ ಮಕ್ಕಳು ಹೊಲಕ್ಕೆ ಜೊತೆಯಲ್ಲೇ ಹೋಗುತ್ತಿದ್ದರು, ಮಾತು ಮಾತ್ರ ಕಡಿಮೆಯಾಯಿತು. ಎಲ್ಲಕ್ಕಿಂತ ವಿಚಿತ್ರವೆಂದರೆ ದೊಡ್ಡಪ್ಪ ಯಾರನ್ನೂ ಏನನ್ನೂ ಕೇಳುವುದನ್ನೇ ಬಿಟ್ಟುಬಿಟ್ಟ. ಮನೆಗೆ ಬಂದವರನ್ನು ಚಹ ಕುಡಿಯುತ್ತೀರಾ ಎಂದೂ ಕೇಳುತ್ತಿರಲಿಲ್ಲ. ಚಹ, ನೀರು, ಮಜ್ಜಿಗೆ ಮೂರನ್ನೂ ತಂದು ಅವರ ಮುಂದಿಟ್ಟು, ದೂರ ಹೋಗಿ ಬೆನ್ನು ತಿರುಗಿಸಿ ಕೂಡುತ್ತಿದ್ದ. ಊರವರು ಯಜಮಾನನಿಗೆ ಅರವತ್ತರ ಅರಳುಮರಳು ಅಂದರು. ನಾನು ಹೋದಾಗಲೂ ಹಾಗೆಯೇ ಇಟ್ಟು ಹೋಗಿ ಕೂಡುತ್ತಿದ್ದ. ನಾನು ಯಾವುದನ್ನು ಕುಡಿದೆನೆಂದು ತಿರುಗಿ ನೋಡುತ್ತಲೂ ಇರಲಿಲ್ಲ. ಹಾಗೆಯೇ ಇದ್ದು, ಹಾಗೆಯೇ ಹೋದ.

ಇದನ್ನೆಲ್ಲ ನಾನು ಯಾರಿಗೂ ಹೇಳಿರಲಿಲ್ಲ. ಈಗ ಮೊಣಕಾಲು ಹಿಡಿದು ಕೂತ ಪುರಸೊತ್ತಿನಲ್ಲಿ ನಮ್ಮ ಮನೆಯವರಿಗೆ ಹೇಳಿದೆ. ಅವರು ಒಳ್ಳೆಯವರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಎಲ್ಲವನ್ನೂ ಕೇಳಿಸಿಕೊಂಡರು. "ಹಂಗಾರ ನನ್ನ ಮನಿಗೆ ಬರೂದು ನಿನಗ ಮನಸ್ಸಿರಲಿಲ್ಲೇನು?" ಎಂದು ಕೇಳಿದರು.

ನಾನು ಇಲ್ಲ ಅನ್ನಲಿಲ್ಲ, ಇತ್ತು ಅನ್ನಲೂ ಇಲ್ಲ. ಯೋಚಿಸಿ ನೋಡಿದೆ. ನಿಜವಾಗಿಯೂ ನೋಡಿದೆ. "ಗೊತ್ತಿಲ್ರಿ" ಅಂದೆ. "ಅದು ಗೊತ್ತಾಗೂವಷ್ಟ ನನ್ನ ಮುಂದ ಏನೂ ಇರಲಿಲ್ಲ."

ಅವರು ಎದ್ದು ಅಂಗಡಿಯ ಕೀಲಿಕೈ ಹುಡುಕತೊಡಗಿದರು. ಕೀಲಿಕೈ ಅವರ ಕೈಯಲ್ಲೇ ಇತ್ತು. ನಾನು ಹೇಳಲಿಲ್ಲ.